ಸೂರ್ಯನ ಗಡಿಯಾರ

ನೈರೋಬಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ, ಸ್ವಾಹಿಲಿ ಅಂಕಿಗಳನ್ನು ಕಲಿತೆನೆಂಬ ಸಣ್ಣ ಹೆಮ್ಮೆ ನನಗಿತ್ತು. ಒಂದು ಮಧ್ಯಾಹ್ನ ಹೊರಟಾಗ ಕಾವಲಿನಾತ, ‘ಸಾ ಕುಮಿ ನಾ ಮ್ಬಿಲಿ’, ಹನ್ನೆರಡು ಗಂಟೆಯೊಳಗೆ ಬನ್ನಿ ಎಂದ. ನಡುರಾತ್ರಿಯ ತನಕ ಅವಕಾಶವಿದೆಯೆಂದು ನಾನು ತಿಳಿದೆ.

ಕೇಳುಗರೇ, ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು. ಸಂಜೆಯ ಆರು, ಹನ್ನೆರಡು. ಉದಯದಿಂದ ಘಳಿಗೆಯೆಣಿಸುವ ಪಂಚಾಂಗವನ್ನು ನೋಡಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಭೂಮಧ್ಯರೇಖೆಗೆ ಸಮೀಪದ ಆ ಊರಿನಲ್ಲಿ ವರ್ಷವಿಡೀ ಆರೂವರೆಯ ಆಸುಪಾಸಿನಲ್ಲೇ ಸೂರ್ಯಾಸ್ತ. ಮುಸ್ಸಂಜೆ ಹೆಚ್ಚು ಹೊತ್ತು ನಿಲ್ಲದು. ಕತ್ತಲು ಬೇಗನೆ ಕವಿಯುತ್ತದೆ.

ಅಂದು ಅದು ನನ್ನನ್ನು ರಿವರ್ ರೋಡಿನಲ್ಲಿ ಹಿಡಿಯಿತು. ‘ಮಟಾಟು’ ಎಂಬ ಬಾಡಿಗೆ ವ್ಯಾನುಗಳ ಕೂಗಾಟ, ಜನರ ನೂಕುನುಗ್ಗಲು. ದಾರಿ ನೋಡಲೆಂದು ತೆಗೆದ ಮೊಬೈಲು ಮರುಕ್ಷಣ ಇನ್ನಾರದೋ ಕೈಯಲ್ಲಿತ್ತು. ಬೆನ್ನಟ್ಟಲಿಲ್ಲ, ಅಂದು ನಾನು ತೋರಿದ ಜಾಣತನ ಅದೊಂದೇ. ದೀಪವುರಿಯುತ್ತಿದ್ದ ಔಷಧದಂಗಡಿಯನ್ನು ಹೊಕ್ಕೆ. ಅಂಗಡಿಯಾಕೆ ನನ್ನನ್ನು ಕೂರಿಸಿ, ನೀರಿತ್ತು, ಜೇಬಿನಲ್ಲಿದ್ದ ವಿಳಾಸದ ಚೀಟಿಯನ್ನೋದಿ, ತನಗೆ ಪರಿಚಿತನಾದ ಟ್ಯಾಕ್ಸಿಯವನನ್ನು ಕರೆಸಿ, ಗಾಡಿಯ ನಂಬರನ್ನು ಬರೆದುಕೊಂಡೇ ಬೀಳ್ಕೊಟ್ಟಳು.

ಅಂಥ ನಗರಗಳಿಗೆ ಹೋಗುವವರಲ್ಲಿ ನನ್ನ ವಿನಂತಿಯಿಷ್ಟೆ: ಬೀದಿಯಲ್ಲಾಗಲಿ ವಾಹನದ ತೆರೆದ ಕಿಟಕಿಯ ಬಳಿಯಾಗಲಿ ಮೊಬೈಲು ಹಿಡಿಯಬೇಡಿ. ವಿಳಾಸವೂ ಮನೆಯವರ ನಂಬರೂ ಕಾಗದದ ಮೇಲಿರಲಿ. ದಾರಿಯನ್ನು ಅಂಗಡಿಯೊಳಗೆ ನಿಂತು ಕೇಳಿ. ಕಸಿದರೆ ಬಿಟ್ಟುಬಿಡಿ, ಪ್ರಾಣಕ್ಕಿಂತ ವಸ್ತು ದೊಡ್ಡದಲ್ಲ. ಊರಿನವರು ಎಚ್ಚರಿಸಿದಾಗ, ಅರ್ಥವಾಯಿತೆಂದು ತಲೆದೂಗುವ ಮೊದಲು ಮತ್ತೊಮ್ಮೆ ಕೇಳಿ.

ನಾನು ಮರಳಿದಾಗ ಕಾವಲಿನಾತ ಗೇಟಿನಲ್ಲೇ ಕಾಯುತ್ತಿದ್ದ. ಮಾತಾಡದೆ, ಕಪ್ಪಾಗಿದ್ದ ಆಕಾಶವನ್ನು ಬೆರಳೆತ್ತಿ ತೋರಿಸಿದ.