ದೊಡ್ಡ ಆಮೆಗೊಂದು ಅಂಗಳ

ಮಕ್ಕಳೇ, ನಿಮ್ಮ ಅಂಗೈಯನ್ನು ಒಮ್ಮೆ ನೋಡಿಕೊಳ್ಳಿ. ಆಫ್ರಿಕಾದ ಸುಲ್ಕಾಟಾ ಎಂಬ ಆಮೆಯ ಮರಿ ಮೊಟ್ಟೆಯೊಡೆದು ಹೊರಬಂದಾಗ ಅಷ್ಟು ಜಾಗದಲ್ಲಿ ಸುಖವಾಗಿ ಕೂರುತ್ತದೆ. ಅದರ ಉದ್ದ ಸುಮಾರು 5 ಸೆಂಟಿಮೀಟರ್, ತೂಕ ಸುಮಾರು 30 ಗ್ರಾಂ. ಈ ಮರಿ ಬೆಳೆದು 50 ಸೆಂಟಿಮೀಟರ್ ಉದ್ದವಾದಾಗ ಅದರ ತೂಕ ಎಷ್ಟಿರಬಹುದು?

ಉದ್ದ ಹತ್ತು ಪಟ್ಟಾಯಿತು, ಆದ್ದರಿಂದ ತೂಕವೂ ಹತ್ತು ಪಟ್ಟು, ಅಂದರೆ 300 ಗ್ರಾಂ ಎಂದಿರಾ? ಸ್ವಲ್ಪ ಯೋಚಿಸಿ. ಉದ್ದದ ಜೊತೆಗೆ ಅಗಲವೂ ಎತ್ತರವೂ ಹತ್ತು ಪಟ್ಟಾಗಿವೆ. 10 × 10 × 10 = 1000. ಹಾಗಾಗಿ ತೂಕ ಸುಮಾರು ಸಾವಿರ ಪಟ್ಟು, ಎಂದರೆ 30 ಕಿಲೋಗ್ರಾಂ! ದೊಡ್ಡ ಗಂಡು ಆಮೆಗಳು 80 ಸೆಂಟಿಮೀಟರ್ ಮೀರಿ ಬೆಳೆದು 100 ಕಿಲೋಗ್ರಾಂ ತೂಗುವುದೂ ಉಂಟು. ಅದು ಎರಡು ಸಿಮೆಂಟ್ ಮೂಟೆಗಳ ತೂಕ.

ಈ ಸರಳ ಲೆಕ್ಕವನ್ನು ಮರೆತವರು ಅಮೆರಿಕದಲ್ಲಿ ಬಹಳ ಮಂದಿ. ಅಲ್ಲಿ ಸುಲ್ಕಾಟಾ ಮರಿಗಳನ್ನು ಸಾಕುಪ್ರಾಣಿಗಳಾಗಿ ಮಾರುತ್ತಾರೆ. ಗಾಜಿನ ತೊಟ್ಟಿಯಲ್ಲಿಟ್ಟ ಮರಿ ಕೆಲವೇ ವರ್ಷಗಳಲ್ಲಿ ತೊಟ್ಟಿಯನ್ನೂ ಕೋಣೆಯನ್ನೂ ಮೀರಿ ಬೆಳೆದಾಗ ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಂತಹ ಕಡೆ ಹೀಗೆ ಮನೆ ಕಳೆದುಕೊಂಡ ಆಮೆಗಳಿಗಾಗಿ ಆಶ್ರಯ ಕೇಂದ್ರಗಳೇ ಇವೆ. ಜವಾಬ್ದಾರಿಯಿಂದ ಸಾಕುವವರು ಮಾತ್ರ ಹಿತ್ತಲಿನಲ್ಲಿ ಅದಕ್ಕೊಂದು ಅಂಗಳವನ್ನೇ ಕಟ್ಟುತ್ತಾರೆ. ಆ ಅಂಗಳ ಹೇಗಿರಬೇಕು? ಬನ್ನಿ, ನೋಡೋಣ. ಅದರ ಒಂದೊಂದು ಭಾಗದ ಹಿಂದೆಯೂ ವಿಜ್ಞಾನದ ಒಂದು ಪಾಠವಿದೆ.

ಆಚೆ ಕಾಣದ ಗೋಡೆ

ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಹುಲ್ಲುಗಾವಲಿನ ಪ್ರಾಣಿ. ಮೇಯುತ್ತಾ ನಡೆಯುವುದು, ನೆಲ ತೋಡುವುದು ಇವೇ ಅದರ ದಿನಚರಿ. ಒಂದು ಆಮೆಗೆ ನಿಮ್ಮ ತರಗತಿಯ ಕೋಣೆಗಿಂತ ದೊಡ್ಡ ಅಂಗಳ ಬೇಕು.

ಬೇಲಿಗೆ ತಂತಿ ಜಾಲರಿ ಹಾಕಿದರೆ ಸಾಲದೇ? ಸಾಲದು. ಜಾಲರಿಯಾಚೆಗೆ ಹಸಿರು ಕಂಡರೆ ಆಮೆ ಅತ್ತಲೇ ತಳ್ಳುತ್ತದೆ. ಸುತ್ತಿ ಹೋಗುವುದು ಅದಕ್ಕೆ ತಿಳಿಯದು, ದಣಿವೂ ಬೇಗ ಆಗದು. ತಳ್ಳಿ ತಳ್ಳಿ ಮೂತಿ ಗಾಯವಾಗುತ್ತದೆ, ಇಲ್ಲವೇ ಬೇಲಿ ಬೀಳುತ್ತದೆ. ಆಚೆ ಏನೂ ಕಾಣದ ಗೋಡೆಯಾದರೆ ಅದು ಪಕ್ಕಕ್ಕೆ ತಿರುಗಿ ನಡೆಯುತ್ತದೆ. ಆದ್ದರಿಂದ ಸಿಮೆಂಟ್ ಇಟ್ಟಿಗೆಯಿಂದ ನೆಲದ ಮೇಲೆ ಸುಮಾರು 60 ಸೆಂಟಿಮೀಟರ್ ಎತ್ತರದ ಗೋಡೆ ಕಟ್ಟುತ್ತಾರೆ. ನೆಲದೊಳಗೂ ಕನಿಷ್ಠ 30 ಸೆಂಟಿಮೀಟರ್ ಅಡಿಪಾಯವಿರಬೇಕು. ಇಲ್ಲದಿದ್ದರೆ ಆಮೆ ಕೆಳಗಿನಿಂದ ತೋಡಿಕೊಂಡು ಹೊರಟುಬಿಡುತ್ತದೆ.

ಗೋಡೆಯ ಮೂಲೆಗಳಲ್ಲಿ ವಿಶೇಷ ಎಚ್ಚರ ಬೇಕು. ಆಮೆ ಎರಡು ಗೋಡೆಗಳಿಗೂ ಕಾಲು ಕೊಟ್ಟು ಮೇಲೇರಲು ಹೋಗಿ ಅಂಗಾತ ಬೀಳಬಹುದು. ಅದರ ಶ್ವಾಸಕೋಶ ಬೆನ್ನಿನ ಚಿಪ್ಪಿಗೆ ಅಂಟಿಕೊಂಡಂತೆ ಇದೆ. ಅಂಗಾತ ಬಿದ್ದಾಗ ಹೊಟ್ಟೆಯ ಅಂಗಗಳ ಭಾರವೆಲ್ಲ ಶ್ವಾಸಕೋಶದ ಮೇಲೆ ಬೀಳುತ್ತದೆ. ಮೇಲೆ ಸುಡುಬಿಸಿಲೂ ಇದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಮೂಲೆಗಳನ್ನು ದುಂಡಾಗಿ ಕಟ್ಟುವುದು ಒಳ್ಳೆಯದು. ಎರಡು ಗಂಡುಗಳನ್ನು ಒಂದೇ ಅಂಗಳದಲ್ಲಿ ಬಿಡದಿರುವುದೂ ಇದೇ ಕಾರಣಕ್ಕೆ. ಅವು ಕಾದಾಡಿ ಒಂದನ್ನೊಂದು ಮಗುಚಿ ಹಾಕುತ್ತವೆ.

ನೆಲದೊಳಗಿನ ತಂಪು

ಆಮೆ ಶೀತರಕ್ತ ಪ್ರಾಣಿ. ನಮ್ಮ ದೇಹ ಚಳಿಯಿರಲಿ, ಸೆಕೆಯಿರಲಿ ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ಕಾಯ್ದುಕೊಳ್ಳುತ್ತದೆ. ಆಮೆಗೆ ಆ ಶಕ್ತಿಯಿಲ್ಲ. ಬೆಚ್ಚಗಾಗಬೇಕಾದರೆ ಬಿಸಿಲಿಗೆ ಬರಬೇಕು, ತಣ್ಣಗಾಗಬೇಕಾದರೆ ನೆರಳಿಗೆ ಹೋಗಬೇಕು. ಎಂದರೆ ಅಂಗಳದಲ್ಲಿ ಬಿಸಿಲು ಮತ್ತು ನೆರಳು ಎರಡೂ ದಿನವಿಡೀ ಸಿಗುವಂತಿರಬೇಕು.

ಫೀನಿಕ್ಸ್‌ನ ಬೇಸಿಗೆಯಲ್ಲಿ ಉಷ್ಣಾಂಶ 43 ಡಿಗ್ರಿ ದಾಟುವ ದಿನಗಳು ಬಹಳ. ಆಗ ಮರದ ನೆರಳೂ ಸಾಲದು. ಸುಲ್ಕಾಟಾ ಬಿಲ ತೋಡಿ ಒಳಗೆ ಸೇರುತ್ತದೆ. ದೇಹ ಅತಿಯಾಗಿ ಬಿಸಿಯಾದರೆ ಬಾಯಿಯಿಂದ ಜೊಲ್ಲು ಸುರಿಸಿ ಮುಂಗಾಲುಗಳಿಗೆ ಬಳಿದುಕೊಳ್ಳುತ್ತದೆ. ಜೊಲ್ಲು ಆವಿಯಾಗುವಾಗ ದೇಹದ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಬೆವರು ಮಾಡುವ ಕೆಲಸವೂ ಅದೇ ಅಲ್ಲವೇ?

ಬಿಲದೊಳಗೆ ತಂಪೇಕೆ? ಒಣ ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಹಗಲಿನ ಬಿಸಿ ಆಳಕ್ಕೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅಲ್ಲಿ ಗಾಳಿಯ ಓಡಾಟವೂ ಕಡಿಮೆ, ಉಷ್ಣಾಂಶದ ಏರಿಳಿತವೂ ಕಡಿಮೆ. ಆಮೆಯ ಬಿಲಕ್ಕೂ ಹಗೇವಿಗೂ ಈ ಗುಣ ಒಂದೇ.

ಆಮೆ ತಾನೇ ತೋಡಿದ ಬಿಲ ಕುಸಿಯಬಹುದು, ಮನೆಯ ಗೋಡೆಯ ಬುಡಕ್ಕೂ ಹೋಗಬಹುದು. ಆದ್ದರಿಂದ ತಿಳಿದವರು ಒಂದು ಇಳಿಜಾರು ಗುಂಡಿ ತೆಗೆದು, ಪಕ್ಕಕ್ಕೆ ಇಟ್ಟಿಗೆ ಕಟ್ಟಿ, ಮೇಲೆ ಗಟ್ಟಿ ಹಲಗೆ ಹಾಕಿ, ಅದರ ಮೇಲೆ ಮಣ್ಣು ಮುಚ್ಚಿ ಬಿಲವನ್ನು ತಾವೇ ಮಾಡಿಕೊಡುತ್ತಾರೆ. ಬಾಯಿಯ ಸುತ್ತ ಮಣ್ಣನ್ನು ಎತ್ತರಿಸಿದರೆ ಮಳೆನೀರು ಒಳಗೆ ನುಗ್ಗುವುದಿಲ್ಲ.

ಚಳಿಗಾಲಕ್ಕೆ ಬೆಚ್ಚನೆ ಗೂಡು

ಕೆಲವು ಆಮೆಗಳು ಚಳಿಗಾಲವಿಡೀ ನಿದ್ರಿಸುತ್ತವೆ. ಸುಲ್ಕಾಟಾ ಹಾಗಲ್ಲ. ಅದಕ್ಕೆ ಹೆಚ್ಚು ಕಾಲ 15 ಡಿಗ್ರಿಗಿಂತ ಕಡಿಮೆ ಚಳಿ ತಗಲಬಾರದು. ಅದಕ್ಕಾಗಿ ಅಂಗಳದ ಒಂದು ಬದಿಯಲ್ಲಿ ಮರದ ಗೂಡು ಕಟ್ಟುತ್ತಾರೆ. ಎರಡು ಹಲಗೆಗಳ ನಡುವೆ ಥರ್ಮಾಕೋಲ್‌ನಂಥ ಶಾಖ ತಡೆಯುವ ವಸ್ತು ತುಂಬುತ್ತಾರೆ. ಅದರೊಳಗಿನ ಗಾಳಿಯ ಗುಳ್ಳೆಗಳು ಕಂಬಳಿಯಂತೆ ಕೆಲಸ ಮಾಡುತ್ತವೆ. ಅದು ಆಮೆಯ ಬಾಯಿಗೆ ಸಿಗದಂತೆ ಪೂರ್ತಿ ಮುಚ್ಚಿರಬೇಕು. ಬಾಗಿಲಿಗೆ ದಪ್ಪ ರಬ್ಬರ್ ಪಟ್ಟಿಗಳು. ಆಮೆ ಒಳಹೊಕ್ಕ ಮೇಲೆ ಅವು ತಾವೇ ಇಳಿಬಿದ್ದು ಬಿಸಿ ಹೊರಹೋಗದಂತೆ ತಡೆಯುತ್ತವೆ.

ಗೂಡಿನ ಹೀಟರ್ ಚಿಪ್ಪಿನ ಒಂದೇ ಜಾಗವನ್ನು ಕಾಯಿಸುವಂತೆ ಇರಬಾರದು. ಚಿಪ್ಪು ಸತ್ತ ಹೊದಿಕೆಯಲ್ಲ. ಹೊರಪದರದ ಅಡಿಯಲ್ಲಿ ಜೀವಂತ ಮೂಳೆಯಿದೆ, ರಕ್ತನಾಳವಿದೆ, ನರವಿದೆ. ಬೆನ್ನೆಲುಬೂ ಪಕ್ಕೆಲುಬುಗಳೂ ಚಿಪ್ಪಿನೊಡನೆ ಬೆಸೆದುಕೊಂಡಿವೆ. ಸುಟ್ಟರೆ, ತೂತು ಕೊರೆದರೆ ಅದಕ್ಕೆ ನೋವಾಗುತ್ತದೆ.

ಬಿಸಿಲು, ಹುಲ್ಲು, ನೀರು

ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಅದನ್ನು ಆಹಾರದಿಂದ ಹೀರಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಬಿಸಿಲಿನ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಆ ಜೀವಸತ್ವ ತಯಾರಾಗುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಮೂಲಕ ಬಂದ ಬಿಸಿಲು ಸಾಲದು. ಬಯಲ ಅಂಗಳದ ಮಹತ್ವ ಇರುವುದು ಇಲ್ಲಿಯೇ.

ಅಂಗಳದ ತುಂಬ ಹುಲ್ಲು ಬೆಳೆಸಬೇಕು. ಸುಲ್ಕಾಟಾದ ಮುಖ್ಯ ಊಟ ಹುಲ್ಲು ಮತ್ತು ಒಣಹುಲ್ಲು. ಅನ್ನ, ರೊಟ್ಟಿ, ಬೇಳೆ ಅದರ ಆಹಾರವಲ್ಲ. ಕಣಗಿಲೆಯಂಥ ವಿಷದ ಗಿಡಗಳು ಇರಬಾರದು. ಮೊಳೆ, ಪ್ಲಾಸ್ಟಿಕ್ ಚೂರು ಬಿದ್ದಿರಬಾರದು. ನೀರಿಗೆ ಅಗಲವಾದ, ಆಳವಿಲ್ಲದ ತೊಟ್ಟಿ ಸಾಕು. ನೆಲದ ಆಮೆಗೆ ಈಜು ಬಾರದು.

ನಮ್ಮ ನಾಡಿನ ಆಮೆ

ಇಷ್ಟು ಓದಿ ‘ನಾನೂ ಒಂದು ಆಮೆ ಸಾಕುತ್ತೇನೆ’ ಎನ್ನಿಸಿತೇ? ಹಾಗಾದರೆ ನನ್ನ ಬಾಲ್ಯದ ಒಂದು ಮಾತು ಕೇಳಿ.

ನಾನು ಐದನೇ ತರಗತಿಯಲ್ಲಿದ್ದಾಗ ಹೊಲದಂಚಿನಲ್ಲಿ ಒಂದು ನಕ್ಷತ್ರ ಆಮೆ ಸಿಕ್ಕಿತು. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು! ಮನೆಗೆ ತಂದು ಬಿದಿರು ಬುಟ್ಟಿಯಡಿ ಇಟ್ಟೆ. ದಿನವೂ ಅನ್ನ ಹಾಕಿದೆ. ಅದು ಬುಟ್ಟಿಯನ್ನು ತಳ್ಳುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಆಟವಾಡುತ್ತಿದೆ ಎಂದುಕೊಂಡಿದ್ದೆ. ಮಳೆಗಾಲ ಮುಗಿಯುವ ಮೊದಲೇ ಅದು ಸತ್ತಿತು. ಬಿಸಿಲಿಲ್ಲ, ಹುಲ್ಲಿಲ್ಲ, ನಡೆಯಲು ಜಾಗವಿಲ್ಲ. ನಾನು ಪ್ರೀತಿಯಿಂದಲೇ ಅದನ್ನು ಕೊಂದಿದ್ದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಪ್ರಾಣಿಶಾಸ್ತ್ರ ಓದುವಾಗ.

ನಕ್ಷತ್ರ ಆಮೆಯನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಮನೆಯಲ್ಲಿಟ್ಟರೆ ಹಣ ಬರುತ್ತದೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಆ ನಂಬಿಕೆಯಿಂದ ಹಣ ಬರುವುದು ಕಳ್ಳಸಾಗಣೆದಾರರಿಗೆ ಮಾತ್ರ. ಸುಲ್ಕಾಟಾದಂಥ ಹೊರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿಯ ನಂತರ ನೋಂದಣಿ ಮಾಡಿಸಬೇಕು. ಸುಲ್ಕಾಟಾ ತನ್ನ ತವರಿನಲ್ಲೇ ಅಳಿವಿನಂಚಿಗೆ ಬಂದಿದೆ.

ನಕ್ಷತ್ರ ಆಮೆಗೆ ಬೇಕಾದ ಅಂಗಳ ಈಗಾಗಲೇ ಕಟ್ಟಿದೆ: ಕುರುಚಲು ಕಾಡು, ಹೊಲದ ಬದು, ಬೇಲಿಸಾಲು. ನಾವು ಅದಕ್ಕೆ ಬೆಂಕಿ ಹಚ್ಚದಿದ್ದರೆ, ಕಡಿಯದಿದ್ದರೆ ಸಾಕು. ಹೊಲದಲ್ಲಿ ಆಮೆ ಕಂಡರೆ ದೂರ ನಿಂತು ನೋಡಿ. ಯಾರಾದರೂ ಮನೆಯಲ್ಲಿಟ್ಟಿದ್ದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ. ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ.

ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ಶಿಕ್ಷಕರ ಸಹಾಯದಿಂದ 30 ಸೆಂಟಿಮೀಟರ್ ಆಳದ ಚಿಕ್ಕ ಗುಂಡಿ ತೋಡಿ. ಪ್ರಯೋಗಶಾಲೆಯ ಥರ್ಮಾಮೀಟರನ್ನು ಗುಂಡಿಯ ತಳದಲ್ಲಿಟ್ಟು ಬಾಯಿಗೆ ಹಲಗೆ ಮುಚ್ಚಿ, ಮೇಲೆ ಮಣ್ಣು ಹಾಕಿ. ಇನ್ನೊಂದನ್ನು ನೆಲದ ಮೇಲೆ ಬಿಸಿಲಿನಲ್ಲಿಡಿ. ಬೆಳಿಗ್ಗೆ 10, ಮಧ್ಯಾಹ್ನ 1 ಮತ್ತು ಸಂಜೆ 4 ಗಂಟೆಗೆ ಎರಡರ ಅಳತೆಯನ್ನೂ ಬರೆದುಕೊಳ್ಳಿ. ಯಾವುದರಲ್ಲಿ ಏರಿಳಿತ ಹೆಚ್ಚು? ನೀವು ಆಮೆಯಾಗಿದ್ದರೆ ಮಧ್ಯಾಹ್ನ ಎಲ್ಲಿರುತ್ತಿದ್ದಿರಿ?