ಜಾತಿ ನಿಂದನೆ, ಹಲ್ಲೆಯ ದೂರು: ಎಫ್‌ಐಆರ್ ಹಾಕುವುದು ಠಾಣೆಯವರ ಮರ್ಜಿಯೇ?

“ಮೊದಲು ಊರ ಹಿರಿಯರ ಹತ್ತಿರ ಬಗೆಹರಿಸಿಕೊಳ್ಳಿ.” “ಅದು ನಮ್ಮ ಹದ್ದಿಗೆ ಬರಲ್ಲ.” “ಸಾಕ್ಷಿ ಯಾರಿದ್ದಾರೆ, ಕರಕೊಂಡು ಬನ್ನಿ.” ಜಾತಿಯ ಕಾರಣಕ್ಕೆ ಹೊಡೆತ ತಿಂದವರು ಠಾಣೆಯ ಮೆಟ್ಟಿಲು ಹತ್ತಿದಾಗ ಇಂಥ ಮಾತು ಕೇಳಿ ವಾಪಸಾಗುವುದುಂಟು. ಸಿಂಧನೂರು, ಮಸ್ಕಿ, ತುರ್ವಿಹಾಳದ ಸುತ್ತಲಿನಂಥ ಊರುಗಳಲ್ಲಿ ಜಗಳವಾಡಿದವರ ಗದ್ದೆಯಲ್ಲೇ ನಾಳೆ ಕೂಲಿಗೆ ಹೋಗಬೇಕು, ಅವರ ಅಂಗಡಿಯಲ್ಲೇ ಉದ್ರಿ ತರಬೇಕು. ಒಮ್ಮೆ ವಾಪಸಾದವರು ಮತ್ತೆ ಠಾಣೆಗೆ ಹೋಗುವುದು ಕಡಿಮೆ. ಆದರೆ ಮೇಲಿನ ಮೂರೂ ಮಾತಿಗೆ ಕಾನೂನಿನ ಬೆಂಬಲವಿಲ್ಲ.

ನಮ್ಮ ದೇಶದ ಕಾನೂನಿನಲ್ಲಿ ‘ದ್ವೇಷಾಪರಾಧ’ ಎಂದು ಎಲ್ಲವನ್ನೂ ಒಂದೇ ಕಡೆ ಸೇರಿಸಿದ ಕೇಂದ್ರ ಕಾಯ್ದೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜನ ಇದನ್ನೇ ‘ಅಟ್ರಾಸಿಟಿ ಕೇಸು’ ಎನ್ನುತ್ತಾರೆ. ಧರ್ಮ, ಭಾಷೆಯ ಹೆಸರಿನಲ್ಲಿ ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಅನ್ವಯಿಸುತ್ತದೆ. ಜಾತಿ, ಸಮುದಾಯ, ಭಾಷೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ 103(2)ನೇ ಕಲಮಿನಡಿ ಜೀವಾವಧಿ ಅಥವಾ ಮರಣದಂಡನೆಯವರೆಗೆ ಶಿಕ್ಷೆ ಇದೆ.

ಪಕ್ಕದ ಜಿಲ್ಲೆಯ ಪಾಠ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿ, ಹೋಟೆಲಿಗೆ ದಲಿತರಿಗೆ ಪ್ರವೇಶ ಕೊಡದ ವಿಚಾರದ ತಕರಾರು ಅದರ ಹಿಂದಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇನ್ನು ಮೂವರಿಗೆ ಐದು ವರ್ಷ. ಈ ಮೂವರಿಗೆ ಶಿಕ್ಷೆ ಕಡಿಮೆಯಾದದ್ದೇಕೆ? ಅವರೂ ಪರಿಶಿಷ್ಟ ಸಮುದಾಯದವರಾದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಮೇಲ್ಮನವಿ ಸಲ್ಲಿಸಿದವರಲ್ಲಿ ಬಹುತೇಕರಿಗೆ ಮುಂದೆ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ನೀಡಿತು.

ಇದಕ್ಕೆ ತದ್ವಿರುದ್ಧವಾದದ್ದು ಕಂಬಾಲಪಲ್ಲಿ. ಅಂದಿನ ಕೋಲಾರ ಜಿಲ್ಲೆಯ ಈ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ನ್ಯಾಯಾಲಯದಲ್ಲಿ ಹೇಳಿಕೆಯಿಂದ ಹಿಂದೆ ಸರಿದರು, ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ದೂರು ದಾಖಲಾದರಷ್ಟೇ ಸಾಲದು, ಹೇಳಿದವರು ಕೊನೆವರೆಗೆ ನಿಲ್ಲುವಂತೆ ರಕ್ಷಣೆಯೂ ಬೇಕು.

ತಪ್ಪು ತಿಳಿವಳಿಕೆ 1: ಘಟನೆ ನಡೆದ ಊರಿನ ಠಾಣೆಯಲ್ಲೇ ದೂರು ಕೊಡಬೇಕು

ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದಕ್ಕೆ ‘ಜೀರೋ ಎಫ್‌ಐಆರ್’ ಎನ್ನುತ್ತಾರೆ. ಲಿಂಗಸುಗೂರಿನಲ್ಲಿ ಹಲ್ಲೆ ನಡೆದರೆ ತುರ್ವಿಹಾಳಕ್ಕೆ ಮರಳಿ ಇಲ್ಲಿನ ಠಾಣೆಯಲ್ಲೇ ಬರೆಸಬಹುದು. ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ. ಆನ್‌ಲೈನಿನಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ತಪ್ಪು ತಿಳಿವಳಿಕೆ 2: ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್

2018ರ ತಿದ್ದುಪಡಿಯಲ್ಲಿ ಸೇರಿಸಿದ 18ಎ ಕಲಂ ಪ್ರಕಾರ, ಈ ಕಾಯ್ದೆಯಡಿ ಎಫ್‌ಐಆರ್ ಹಾಕಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಈ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ಸಾಕ್ಷಿ ಹುಡುಕುವುದು ತನಿಖೆಯ ಭಾಗ, ದೂರುದಾರರ ಹೊಣೆಯಲ್ಲ. ಜಾತಿ ಪ್ರಮಾಣಪತ್ರ ಅಂದು ಕೈಯಲ್ಲಿಲ್ಲದಿದ್ದರೂ ದೂರು ದಾಖಲಾಗಬೇಕು. ಪತ್ರವನ್ನು ಆಮೇಲೆ ಕೊಡಬಹುದು.

ಓದುಬರಹ ಬಾರದವರು ಬಾಯಲ್ಲಿ ಹೇಳಿದರೂ ಸಾಕು. ಠಾಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ನಂತರವೇ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಪರಿಶಿಷ್ಟರಲ್ಲದ ಅಧಿಕಾರಿ ಈ ಕರ್ತವ್ಯವನ್ನು ಬೇಕಂತಲೇ ಮಾಡದಿದ್ದರೆ, 4ನೇ ಕಲಮಿನಡಿ ಅವರಿಗೇ ಆರು ತಿಂಗಳಿಂದ ಒಂದು ವರ್ಷ ಜೈಲು ಶಿಕ್ಷೆಯಾಗಬಹುದು.

ತಪ್ಪು ತಿಳಿವಳಿಕೆ 3: ಕಟ್ಟೆ ಪಂಚಾಯ್ತಿಯಲ್ಲಿ ರಾಜಿಯಾದರೆ ಕೇಸು ಮುಗಿಯಿತು

ಇಲ್ಲ. ಹಿರಿಯರು ಕೂಡಿ ಮಾಡಿದ ತೀರ್ಮಾನದಿಂದ ಎಫ್‌ಐಆರ್ ರದ್ದಾಗುವುದಿಲ್ಲ, ಆ ಅಧಿಕಾರ ನ್ಯಾಯಾಲಯದ್ದು. ದೂರು ಕೊಟ್ಟ ಸಿಟ್ಟಿಗೆ ಕೂಲಿಗೆ ಕರೆಯದಂತೆ, ಅಂಗಡಿಯಲ್ಲಿ ಸಾಮಾನು ಕೊಡದಂತೆ ಊರೇ ಕಟ್ಟು ಮಾಡಿದರೆ ಆ ಬಹಿಷ್ಕಾರವೂ ಇದೇ ಕಾಯ್ದೆಯಡಿ ಬೇರೆಯೇ ಅಪರಾಧ. ಅದಕ್ಕೂ ದೂರು ಕೊಡಿ.

ತಪ್ಪು ತಿಳಿವಳಿಕೆ 4: ಪ್ರತಿ ಜಗಳವೂ ಅಟ್ರಾಸಿಟಿ

ಇದೂ ಸರಿಯಲ್ಲ. ಜಾತಿ ಹೆಸರಿಡಿದು ಬೈದ ಪ್ರಕರಣ ನಿಲ್ಲಬೇಕಾದರೆ ಆ ಮಾತು ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ನಡೆದದ್ದು ಇದಕ್ಕೆ ಸೇರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ದೂರಿನಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಎದುರು, ಯಾವ ಮಾತು ಆಡಿದರು ಎಂಬುದನ್ನು ಇದ್ದದ್ದು ಇದ್ದಂತೆಯೇ ಬರೆಸಿ. “ಅವಾಚ್ಯವಾಗಿ ಬೈದರು” ಎಂದಷ್ಟೇ ಬರೆದರೆ ಜಾತಿಯ ಮಾತೇ ಕಾಗದದಲ್ಲಿ ಉಳಿಯುವುದಿಲ್ಲ. ನಡೆಯದ್ದನ್ನು ಸೇರಿಸಬೇಡಿ, ಅದು ಇಡೀ ದೂರನ್ನೇ ಕೆಡಿಸುತ್ತದೆ.

ಹಾಗಾದರೆ ಏನು ಮಾಡಬೇಕು?

- ಪ್ರಾಣಾಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ.
- ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಎಂಎಲ್‌ಸಿ ದಾಖಲೆ ಮುಂದೆ ಸಾಕ್ಷಿಯಾಗುತ್ತದೆ.
- ಹರಿದ ಬಟ್ಟೆ, ಫೋಟೊ, ವಿಡಿಯೊ, ವಾಟ್ಸಾಪ್ ಸಂದೇಶ ಅಳಿಸಬೇಡಿ.
- ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ರಾಯಚೂರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.
- ದೌರ್ಜನ್ಯ ತಡೆ ರಾಷ್ಟ್ರೀಯ ಸಹಾಯವಾಣಿ 14566. ಉಚಿತ ಕಾನೂನು ನೆರವಿಗೆ 15100. ಪರಿಶಿಷ್ಟರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ.

ಎಫ್‌ಐಆರ್ ಆದ ಮೇಲೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 60 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಸರ್ಕಾರದ ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. 2016ರ ನಿಯಮದಂತೆ ಜಾತಿ ನಿಂದನೆಗೆ ಒಂದು ಲಕ್ಷ ರೂಪಾಯಿ. ಅದರ ಕಾಲು ಭಾಗ ಎಫ್‌ಐಆರ್ ಹಂತದಲ್ಲಿ, ಅರ್ಧ ದೋಷಾರೋಪ ಪಟ್ಟಿಯಾದಾಗ, ಉಳಿದದ್ದು ಶಿಕ್ಷೆಯಾದಾಗ ಸಿಗುತ್ತದೆ. ಇದಕ್ಕಾಗಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಸಾಕ್ಷಿ ಹೇಳುವವರಿಗೂ ಹಕ್ಕುಗಳಿವೆ. 15ಎ ಕಲಮಿನಡಿ ಸಂತ್ರಸ್ತರು, ಸಾಕ್ಷಿಗಳು ರಕ್ಷಣೆ ಕೇಳಬಹುದು, ಕೋರ್ಟಿಗೆ ಓಡಾಡುವ ಖರ್ಚು ಪಡೆಯಬಹುದು. ಆರೋಪಿ ಜಾಮೀನು ಕೇಳಿದಾಗ ಸಂತ್ರಸ್ತರಿಗೆ ಮೊದಲೇ ತಿಳಿಸಬೇಕು, ಅವರ ಮಾತನ್ನೂ ನ್ಯಾಯಾಲಯ ಕೇಳಬೇಕು. ಬೆದರಿಕೆ ಬಂದರೆ ಸುಮ್ಮನಿರದೆ ಅದೇ ದಿನ ಬರೆದು ಕೊಡಿ.

ದೂರು ಬರೆದುಕೊಳ್ಳುವುದು ಠಾಣೆಯವರು ಮಾಡುವ ಉಪಕಾರವಲ್ಲ, ಅದು ಅವರ ಕರ್ತವ್ಯ. ಎಫ್‌ಐಆರ್ ಪ್ರತಿ ಕೇಳಿ ಪಡೆದು, ನಂಬರು ಬರೆದಿಟ್ಟುಕೊಂಡೇ ಠಾಣೆಯಿಂದ ಹೊರಗೆ ಬನ್ನಿ.