ಸೂರನ್ನು ಹಿಡಿದಿಡುವ ಅಂಟು

‘ಮನೆ ಕಟ್ಟಿ ನೋಡು’ ಎಂದ ಹಿರಿಯರು ಅಲ್ಲಿಗೇ ನಿಲ್ಲಿಸಿದರು. ಕಟ್ಟಿದ ಮನೆಯ ಸೂರನ್ನು ಗಾಳಿಮಳೆಗಳಿಂದ ಕಾಪಾಡಿಕೊಳ್ಳುವ ಪಾಡನ್ನು ಗಾದೆಗೆ ಸೇರಿಸಲಿಲ್ಲ. ಆ ಪಾಡು ಎಂತಹದೆಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಗೃಹಸ್ಥರು ಚೆನ್ನಾಗಿ ಬಲ್ಲರು. ಮಲೆನಾಡಿನಂತೆ ತಿಂಗಳುಗಟ್ಟಲೆ ಸುರಿಯುವ ಮಳೆ ಈ ಸೀಮೆಯದಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರು ಬಿದ್ದರೆ ಅದೇ ಹೆಚ್ಚು. ಆದರೆ ಬರುವ ಮಳೆ ಬಿರುಸಿನಿಂದಲೇ ಬರುತ್ತದೆ. ಅಶ್ವಿನಿ, ಭರಣಿ ಮಳೆಗಳು ಗುಡುಗು, ಬಿರುಗಾಳಿ, ಆಲಿಕಲ್ಲುಗಳನ್ನು ಕಟ್ಟಿಕೊಂಡು ಬಂದು, ಅರ್ಧ ಗಂಟೆಯಲ್ಲಿ ಹೆಂಚು ತಗಡುಗಳನ್ನು ಹಾರಿಸಿ ಹೋಗುತ್ತವೆ. ಹಸ್ತ, ಚಿತ್ತೆಯ ಮಳೆಗಳು ಇರುಳೆಲ್ಲ ಸುರಿದು, ತಾರಸಿಯ ಕೂದಲೆಳೆಯಂಥ ಬಿರುಕನ್ನೂ ಹುಡುಕಿಕೊಂಡು ಒಳಗಿಳಿಯುತ್ತವೆ. ಇವಕ್ಕೆಲ್ಲ ಮೊದಲೇ ಬೇಸಗೆಯ ಬಿಸಿಲು ಛಾವಣಿಯನ್ನು ಹಗಲು ಹಿಗ್ಗಿಸಿ, ಇರುಳು ಕುಗ್ಗಿಸಿ, ಸಂದುಗಳನ್ನೆಲ್ಲ ಸಡಿಲಗೊಳಿಸಿರುತ್ತದೆ.

ಸೂರು ಗಟ್ಟಿಯೆಂದರೆ ನಾವು ಹೆಂಚನ್ನೋ ಕಲ್ಲನ್ನೋ ಕಬ್ಬಿಣವನ್ನೋ ಹೊಗಳುತ್ತೇವೆ. ವಿಚಾರ ಮಾಡಿ ನೋಡಿದರೆ ಹೆಂಚು ಒಡೆದು ಬಿದ್ದ ಮನೆಗಳಿಗಿಂತ, ಹೆಂಚಿಗೂ ಹೆಂಚಿಗೂ ನಡುವಣ ಹಿಡಿತ ತಪ್ಪಿ ಕೆಟ್ಟ ಮನೆಗಳೇ ಹೆಚ್ಚು. ಎರಡು ವಸ್ತುಗಳನ್ನು ಒಂದಾಗಿ ಹಿಡಿದಿಡುವ ಮೂರನೆಯ ವಸ್ತುವೇ ಛಾವಣಿಯ ಜೀವ. ಅದನ್ನು ನಮ್ಮ ಹಿರಿಯರು ಗಾರೆಯೆಂದು ಕರೆದರು. ಇಂದಿನ ಅಂಗಡಿಗಳಲ್ಲಿ ಅದು ಹತ್ತಾರು ಹೆಸರುಗಳ ಡಬ್ಬಿಗಳಲ್ಲಿ ಕುಳಿತಿದೆ.

ಬೆಲ್ಲ ತಿಂದ ಗಾರೆ

ಹಳೆಯ ಮೈಸೂರು ಸೀಮೆಯ ಅನುಕೂಲಸ್ಥರ ಮನೆಗಳಲ್ಲಿ ಮದರಾಸು ತಾರಸಿಯನ್ನು ಇಂದಿಗೂ ಕಾಣಬಹುದು. ತೇಗದ ತೊಲೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಓರೆಸಾಲಿನಲ್ಲಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆಯುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಸೇರಿಸಿದ ದಪ್ಪ ಪದರ. ಇದನ್ನು ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಚಿಮುಕಿಸುತ್ತಿದ್ದುದು ಬರಿಯ ನೀರಲ್ಲ. ಬೆಲ್ಲ ಮತ್ತು ಅಳಲೆಕಾಯಿಯನ್ನು ನೆನೆಹಾಕಿದ ನೀರು. ಕೊನೆಯಲ್ಲಿ ಚಪ್ಪಟೆ ಬಿಲ್ಲೆಗಳನ್ನು ಹಾಸಿ, ಸಂದುಗಳನ್ನು ನಯವಾದ ಗಾರೆಯಿಂದ ತುಂಬಿದರೆ ತಾರಸಿ ಸಿದ್ಧವಾಯಿತು.

ಬೆಲ್ಲವೇಕೆ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳುವುದು ಕಷ್ಟವಲ್ಲ. ಸುಣ್ಣ ಬರಿಯ ನೀರಿನಲ್ಲಿ ಕರಗುವುದು ಅತ್ಯಲ್ಪ. ಸಕ್ಕರೆಯ ಅಂಶ ಸೇರಿದರೆ ಹೆಚ್ಚು ಕರಗುತ್ತದೆ. ಹೀಗೆ ಕರಗಿದ ಸುಣ್ಣ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳೊಳಕ್ಕೆ ಇಳಿದು, ಗಾಳಿಯಲ್ಲಿರುವ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು, ಮರಳಿ ಸುಣ್ಣಕಲ್ಲಾಗಿ ಗಟ್ಟಿಗೊಳ್ಳುತ್ತದೆ. ಬೆಲ್ಲ ಬೆರೆತ ಗಾರೆ ಬೇಗನೆ ಬಿಗಿಯುವುದೂ ಇಲ್ಲ. ಬಡಿಯುವವರಿಗೆ ಸಾವಕಾಶ ದೊರೆಯುತ್ತದೆ. ಕಬ್ಬಿನ ಗದ್ದೆಗಳೂ ಆಲೆಮನೆಗಳೂ ತುಂಬಿದ ಮಂಡ್ಯದ ನೆಲದಲ್ಲಿ ಈ ಅಂಟಿನ ಸಾಮಗ್ರಿಗಾಗಿ ದೂರ ಹೋಗಬೇಕಾದುದೇ ಇರಲಿಲ್ಲ.

ಶ್ರೀರಂಗಪಟ್ಟಣದ ಕಮಾನು

ಸುಣ್ಣದ ಹಿಡಿತದ ಮೇಲೆ ಎಷ್ಟು ನಂಬಿಕೆಯಿಡಬಹುದೆಂಬುದಕ್ಕೆ ಶ್ರೀರಂಗಪಟ್ಟಣದಲ್ಲಿಯೇ ಒಂದು ಪರೀಕ್ಷೆ ನಡೆದಿತ್ತು. ಮದರಾಸು ಸೇನೆಯ ಎಂಜಿನಿಯರಾಗಿದ್ದ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್ ಎಂಬಾತ 1808ರ ಸುಮಾರಿಗೆ ಇಲ್ಲಿ ನೂರಡಿಗೂ ಮೀರಿದ ಹರಹಿನ ಇಟ್ಟಿಗೆಯ ಕಮಾನೊಂದನ್ನು ಕಟ್ಟಿದನು. ನಡುವೆ ಕಂಬವಿಲ್ಲದೆ ಅಷ್ಟು ದೂರ ಚಾಚಿದ ಕಮಾನು ನಿಲ್ಲಬಲ್ಲುದೆಂದು ತೋರಿಸುವುದೇ ಅವನ ಉದ್ದೇಶ. ಮೇಲೆ ಮರೆಯಿಲ್ಲದೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಆ ಕಮಾನು ಬಿದ್ದುದು 1930ರ ದಶಕದಲ್ಲಿ. ಎಂದರೆ ನೂರಿಪ್ಪತ್ತು ವರ್ಷಕ್ಕೂ ಮೀರಿ ಅದು ನಿಂತಿತ್ತು. ಇದೇ ಡಿ ಹ್ಯಾವಿಲೆಂಡ್ ಮುಂದೆ ಮದರಾಸಿನಲ್ಲಿ ದೊಡ್ಡ ಗುಮ್ಮಟವುಳ್ಳ ಸೇಂಟ್ ಆಂಡ್ರ್ಯೂಸ್ ಇಗರ್ಜಿಯನ್ನು ಕಟ್ಟಿ ಹೆಸರಾದನು.

ಇನ್ನೂ ದೊಡ್ಡ ಸಾಕ್ಷಿ ಬೇಕೆನ್ನುವವರು ಕನ್ನಂಬಾಡಿಯತ್ತ ನೋಡಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕಲ್ಲುಗಳನ್ನು ಬೆಸೆದುದು ಸಿಮೆಂಟಲ್ಲ, ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡಿದ ಪಾಕ. ಸುಟ್ಟ ಜೇಡಿಯಲ್ಲಿರುವ ಸಿಲಿಕ ಸುಣ್ಣದೊಡನೆ ಕೂಡಿ ತೇವದಲ್ಲಿಯೂ ಗಟ್ಟಿಯಾಗುತ್ತದೆ. ಸುಮಾರು 125 ಅಡಿ ಎತ್ತರದ ನೀರನ್ನು ತಡೆಯಬಲ್ಲ ಗಾರೆಗೆ ತಾರಸಿಯ ಮಳೆ ದೊಡ್ಡದೆ?

ಗಾಳಿ ನೂಕುವುದಿಲ್ಲ, ಎತ್ತುತ್ತದೆ

ನೀರಿನ ಮಾತಾಯಿತು, ಗಾಳಿಯ ಬಗೆ ಬೇರೆ. ಬಿರುಗಾಳಿ ಛಾವಣಿಯನ್ನು ಅದುಮಿ ಕೆಡಹುತ್ತದೆಂದು ಬಹುಮಂದಿ ತಿಳಿದಿದ್ದಾರೆ. ನಿಜ ಹಾಗಿಲ್ಲ. ಸೂರಿನ ಮೇಲೆ ಗಾಳಿ ವೇಗವಾಗಿ ಹರಿಯುವಾಗ ಅಲ್ಲಿಯ ಒತ್ತಡ ತಗ್ಗುತ್ತದೆ. ತೆರೆದ ಬಾಗಿಲು ಕಿಟಕಿಗಳಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಎತ್ತುತ್ತದೆ. ಎರಡೂ ಸೇರಿ ಛಾವಣಿಯನ್ನು ಮುಚ್ಚಳದಂತೆ ಮೇಲಕ್ಕೆ ಸೆಳೆಯುತ್ತವೆ. ಅಂಚು, ಮೂಲೆ ಮತ್ತು ನೆತ್ತಿಗಳಲ್ಲಿ ಈ ಸೆಳೆತ ಎಲ್ಲಕ್ಕಿಂತ ಹೆಚ್ಚು.

ಸ್ವಲ್ಪ ಲೆಕ್ಕ ನೋಡೋಣ. ಬೆಂಗಳೂರು ಮೈಸೂರುಗಳಲ್ಲಿ ಕಟ್ಟಡ ಕಟ್ಟುವವರು ಗಣನೆಗೆ ತೆಗೆದುಕೊಳ್ಳಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರೆಂದು ಭಾರತೀಯ ಮಾನಕ ಹೇಳುತ್ತದೆ. ಗಂಟೆಗೆ ಸುಮಾರು 119 ಕಿಲೋಮೀಟರಾಯಿತು. ಅಂಥ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ ತೂಕಕ್ಕೆ ಸಮ. ತೆಳುವಾದ ತಗಡಿನ ತೂಕ ಅಷ್ಟೇ ಜಾಗಕ್ಕೆ ಐದು ಕಿಲೋಗ್ರಾಮಿನ ಆಸುಪಾಸು. ಮಂಗಳೂರು ಹೆಂಚಾದರೆ ನಾಲ್ವತ್ತರ ಸಮೀಪ. ಮದರಾಸು ತಾರಸಿ ಮುನ್ನೂರರಷ್ಟು ಭಾರ. ಅದನ್ನು ಯಾವ ಗಾಳಿಯೂ ಎತ್ತಲಾರದು. ತಗಡೂ ಹೆಂಚೂ ಬರಿಯ ತೂಕದ ಬಲದಿಂದ ನಿಲ್ಲಲಾರವು. ಹಿಡಿತ ಬೇಕೇ ಬೇಕು.

ಹೆಂಚಿನ ಮನೆಯಲ್ಲಿ ಮೊದಲು ಕೀಳುವುದು ನೆತ್ತಿಯ ಹೆಂಚು. ಅದರಡಿಯ ಗಾರೆ ಒಣಗಿ ಬಿರಿದಿದ್ದರೆ ಒಂದು ಹೆಂಚು ಹಾರುತ್ತದೆ; ತೆರೆದ ಬಾಯಿಂದ ಗಾಳಿ ನುಗ್ಗಿ ಸಾಲೆಲ್ಲ ಏಳುತ್ತದೆ. ತಗಡಿನ ಮನೆಯಲ್ಲಿ ಅಂಚಿನ ಒಂದು ತಿರುಪು ಸಡಿಲವಾದರೂ ಸಾಕು. ತಗಡು ಏಳದಿರಲೆಂದು ಮೇಲೆ ಕಲ್ಲು ಹೇರುವ ವಾಡಿಕೆ ನಮ್ಮಲ್ಲಿದೆ. ತಗಡು ಎದ್ದಾಗ ಆ ಕಲ್ಲುಗಳೇ ನೆರೆಮನೆಯ ಅಂಗಳಕ್ಕೆ ಗುಂಡಿನಂತೆ ಬೀಳುತ್ತವೆ. ಅಂಗಳದಲ್ಲಿ ಆಡುವ ಮಕ್ಕಳನ್ನು ನೆನೆದಾದರೂ ಈ ರೂಢಿಯನ್ನು ಬಿಡಬೇಕು.

ಹೊಸ ಅಂಟುಗಳು

ಅಮೆರಿಕದ ಮನೆಗಳಿಗೆ ಡಾಂಬರು ಹಚ್ಚಿದ ಬಿಲ್ಲೆಗಳನ್ನು ಒಂದರ ಮೇಲೊಂದು ಹೊದಿಸುವುದು ವಾಡಿಕೆ. ಪ್ರತಿ ಬಿಲ್ಲೆಗೂ ಅಂಟಿನ ಪಟ್ಟಿಯೊಂದಿದ್ದು, ಅದು ಬಿಸಿಲಿಗೆ ಮೆದುವಾಗಿ ಒಂದು ಬಿಲ್ಲೆಯನ್ನು ಇನ್ನೊಂದಕ್ಕೆ ಕಚ್ಚಿಸುತ್ತದೆ. ಆ ಕಚ್ಚು ಹಳತಾಗಿ ಬಿಟ್ಟ ಕಡೆ ಗಾಳಿ ಬೆರಳು ತೂರಿಸುತ್ತದೆ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದ ದಕ್ಷಿಣ ಭಾಗವನ್ನು ಧ್ವಂಸಮಾಡಿದ ಮೇಲೆ, ಅಲ್ಲಿ ಛಾವಣಿಯ ಬಂಧನದ ನಿಯಮಗಳು ಬಿಗಿಯಾದವು. ಹೆಂಚನ್ನು ನೊರೆಯಂತೆ ಉಬ್ಬುವ ಪಾಲಿಯುರೇಥೇನ್ ಅಂಟಿನಿಂದ ಕೂರಿಸುವ ಪದ್ಧತಿಯೂ ಬಳಕೆಗೆ ಬಂದಿತು.

ನಮ್ಮಲ್ಲಿಯೂ ಈಗ ತಾರಸಿಗೆ ಹಾಸುವ ಡಾಂಬರಿನ ಹಾಳೆಗಳು, ಬಳಿಯುವ ಅಕ್ರಿಲಿಕ್ ಮತ್ತು ಪಾಲಿಯುರೇಥೇನ್ ಲೇಪಗಳು, ತಗಡಿನ ಸಂದಿಗೆ ಒತ್ತುವ ಬ್ಯುಟೈಲ್ ಪಟ್ಟಿಗಳು ದೊರೆಯುತ್ತವೆ. ಕೊಳ್ಳುವ ಮುನ್ನ ಗೃಹಸ್ಥರು ಎರಡು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ತೇವ, ಧೂಳು, ಪಾಚಿಗಳ ಮೇಲೆ ಯಾವ ಅಂಟೂ ಹಿಡಿಯದು. ಉಜ್ಜಿ ತೊಳೆದು ಒಣಗಿಸುವ ಶ್ರಮವೇ ಅರ್ಧ ಕೆಲಸ. ಎರಡನೆಯದಾಗಿ, ತಗಡಿನ ಮನೆಯಲ್ಲಿ ಅಂಟು ನೀರನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನಲ್ಲ. ಗಾಳಿಯನ್ನು ತಡೆಯತಕ್ಕದ್ದು ತಗಡನ್ನು ತೊಲೆಗೂ, ತೊಲೆಯನ್ನು ಗೋಡೆಗೂ ಬಿಗಿಯುವ ಕಬ್ಬಿಣ. ರಬ್ಬರ್ ಬಿಲ್ಲೆಯ ತಿರುಪುಗಳನ್ನು ಅಂಚಿನಲ್ಲಿ ಒತ್ತೊತ್ತಾಗಿ ಹಾಕಿಸುವುದು ಕ್ಷೇಮ.

ಹಳೆಯ ತಾರಸಿಗೆ ಸಿಮೆಂಟು ತರವೆ?

ಹಿರಿಯರಿಂದ ಬಂದ ಮನೆಗಳಲ್ಲಿ ನಡೆಯುವ ಒಂದು ಅನಾಹುತವನ್ನು ಇಲ್ಲಿ ಹೇಳಲೇಬೇಕು. ಗಾರೆಯ ತಾರಸಿ ಒಂದೆಡೆ ಸೋರಿತೆಂದು ಅದರ ಮೇಲೆ ಸಿಮೆಂಟನ್ನು ಬಳಿಸುತ್ತಾರೆ. ಸಿಮೆಂಟು ಬಲವಾದುದು, ನಿಜ. ಆದರೆ ಬಿರುಸು ಸ್ವಭಾವದ್ದು. ಕೆಳಗಿನ ಗಾರೆ ಬಿಸಿಲಿಗೆ ಕೊಂಚ ಬಾಗಿ ಹೊಂದಿಕೊಳ್ಳುತ್ತದೆ, ಮೇಲಿನ ಸಿಮೆಂಟು ಬಾಗಲೊಲ್ಲದೆ ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಮರಳಿ ಆವಿಯಾಗಲು ದಾರಿಯಿಲ್ಲದೆ ಒಳಗೇ ನಿಂತು, ತೇಗದ ತೊಲೆಯನ್ನು ಕೊಳೆಸುತ್ತದೆ. ಸುಣ್ಣಕ್ಕಾದರೋ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಗುಣವುಂಟು: ನೂಲಿನಂಥ ಬಿರುಕಿನಲ್ಲಿ ನೀರಿನೊಡನೆ ಕರಗಿದ ಸುಣ್ಣವೇ ಮತ್ತೆ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುತ್ತದೆ. ಹಾಗಾಗಿ ಗಾರೆಗೆ ಗಾರೆಯೇ ಮದ್ದು. ಕಾಂಕ್ರೀಟಿನ ಮನೆಗೆ ಹೊಸ ಲೇಪ, ಗಾರೆಯ ಮನೆಗೆ ಹಳೆಯ ಪಾಕ. ಹೊಂದುವ ಜೋಡಿಯನ್ನು ಅಗಲಿಸಬಾರದು.

ಇಂದು ಇಟ್ಟಿಗೆ ಸಿಮೆಂಟು ಕಟ್ಟುವವರನ್ನೂ ಜನ ‘ಗಾರೆಯವರು’ ಎಂದೇ ಕರೆಯುತ್ತಾರೆ. ಹೆಸರು ಉಳಿದಿದೆ, ಸುಣ್ಣ ಅರೆಯುವ, ಬೆಲ್ಲದ ನೀರಿನ ಹದ ತಿಳಿದ ಕೈಗಳು ಮಾತ್ರ ವಿರಳವಾಗುತ್ತಿವೆ. ನಿಮ್ಮ ಬೀದಿಯಲ್ಲಿ ಅಂಥ ವೃದ್ಧರೊಬ್ಬರಿದ್ದರೆ ಅವರನ್ನು ಕರೆಸಿ, ಹಳೆಯ ತಾರಸಿಯನ್ನು ತೋರಿಸಿ, ಮನೆಯ ಹುಡುಗರನ್ನೂ ಜೊತೆಯಲ್ಲಿ ನಿಲ್ಲಿಸಿರಿ.

ಭರಣಿ ಮಳೆಗೆ ಮುನ್ನ ಒಂದು ಭಾನುವಾರವನ್ನು ಸೂರಿಗಾಗಿ ಮೀಸಲಿಡುವುದು ಒಳ್ಳೆಯದು. ನೆತ್ತಿಯ ಹೆಂಚು ಅಲುಗಾಡುತ್ತದೆಯೆ, ತಗಡಿನ ತಿರುಪು ತುಕ್ಕು ಹಿಡಿದಿದೆಯೆ, ತೊಟ್ಟಿಮನೆಯ ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ಕಸ ನಿಂತಿದೆಯೆ, ತಾರಸಿಯ ನೀರಿನ ಬಾಯಿ ತೆರೆದಿದೆಯೆ ಎಂದು, ಏಣಿ ಹತ್ತಬಲ್ಲ ಕೆಲಸಗಾರರೊಬ್ಬರಿಂದ ನೋಡಿಸಬೇಕು. ಹಿಡಿ ಗಾರೆ, ಒಂದು ಡಬ್ಬಿ ಲೇಪ, ಹತ್ತು ತಿರುಪುಗಳಿಗೆ ತಗಲುವ ವೆಚ್ಚ, ಹಾರಿಹೋದ ಛಾವಣಿಯನ್ನು ಮರಳಿ ಹೊದಿಸುವ ವೆಚ್ಚದ ಮುಂದೆ ಏನೂ ಅಲ್ಲ.